ಜ್ವರ ಇಳಿದ ಮೇಲೆ ಬಂದ ವ್ಯಾಧಿ

2020ರ ಜೂನ್ ತಿಂಗಳವರೆಗೆ ಒಂದು ಕೋವಿಡ್ ಪ್ರಕರಣವೂ ಇಲ್ಲದೆ ರಾಜ್ಯದಲ್ಲಿಯೇ ಪ್ರಶಂಸೆಗೆ ಪಾತ್ರವಾಗಿದ್ದ ಚಾಮರಾಜನಗರವು, ಮರುವರ್ಷದ ಮೇ 2 ಮತ್ತು 3ರ ನಡುವಣ ಒಂದೇ ಅಹೋರಾತ್ರಿಯಲ್ಲಿ, ಆಮ್ಲಜನಕದ ಅಭಾವ ತಲೆದೋರಿದ್ದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿಯನ್ನು ಕಳೆದುಕೊಂಡಿತೆಂಬುದನ್ನು ನಾಡು ಮರೆತಿಲ್ಲ. ಆದರೆ ಅದೇ ದಿನಗಳಲ್ಲಿ ಕರ್ನಾಟಕದಾದ್ಯಂತ, ಪ್ರಾಣ ಉಳಿಸಿಕೊಂಡು ಮನೆಗೆ ಮರಳಿದವರ ಪೈಕಿ ಅನೇಕರನ್ನು ಇನ್ನೊಂದು ವ್ಯಾಧಿ ಬೆನ್ನಟ್ಟಿ ಬಂದಿತೆಂಬುದು ಅಷ್ಟಾಗಿ ನೆನಪಿನಲ್ಲಿ ನಿಂತಿಲ್ಲ. ಜನ ಕಪ್ಪು ಶಿಲೀಂಧ್ರವೆಂದು ಕರೆದ ಆ ವ್ಯಾಧಿಯೇ ಮ್ಯೂಕರ್‌ಮೈಕೋಸಿಸ್.

ಈ ಬೂಷ್ಟು ಪರದೇಶದಿಂದ ಬಂದುದಲ್ಲ. ಚಾಮರಾಜನಗರ ಜಿಲ್ಲೆಯದೇ ಆದ ಗುಂಡ್ಲುಪೇಟೆಯ ಸುತ್ತಣ ಅರಿಸಿನದ, ಚೆಂಡುಹೂವಿನ ಹೊಲಗಳ ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ತಿಪ್ಪೆಗೊಬ್ಬರದಲ್ಲಿ ಇದರ ಬೀಜಕಣಗಳು ಸದಾಕಾಲವೂ ಇರುತ್ತವೆ. ಉಸಿರಿನೊಡನೆ ಅವು ಒಳಹೊಕ್ಕರೂ ಆರೋಗ್ಯವಂತನ ದೇಹದ ರಕ್ಷಕ ಕಣಗಳು ಅವನ್ನು ಅಲ್ಲಿಯೇ ಕೊಂದುಬಿಡುತ್ತವೆ. ಆದುದರಿಂದ ತಿಪ್ಪೆಗೆ ಅಂಜಬೇಕಾದುದಿಲ್ಲ. ರೋಗಿಯ ಶುಶ್ರೂಷೆಗೆ ಕುಳಿತವರಿಗೆ ಇದು ಅಂಟುವುದೂ ಇಲ್ಲ. ಅಂಜಬೇಕಾದುದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಗೆ. ಸಕ್ಕರೆ ಮಿತಿಮೀರಿದಾಗ ಬಿಳಿಯ ರಕ್ತಕಣಗಳು ಮಂದವಾಗುತ್ತವೆ. ರಕ್ತವು ಆಮ್ಲಗುಣ ತಳೆದರೆ ಅದರಲ್ಲಿ ಬಿಡಿಯಾಗುವ ಕಬ್ಬಿಣದ ಅಂಶವೇ ಬೂಷ್ಟಿಗೆ ಆಹಾರವಾಗುತ್ತದೆ. ಇದರ ಮೇಲೆ ಸ್ಟೀರಾಯ್ಡ್ ಸೇರಿದರೆ ಉಳಿದ ರಕ್ಷಣೆಯೂ ಕುಸಿಯುತ್ತದೆ. ಆಮ್ಲಜನಕ ಬೇಕಾದ ಕೋವಿಡ್ ರೋಗಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವರಕ್ಷಕವೆಂಬುದು ನಿಜ. ಅದನ್ನೇ ಸಾಮಾನ್ಯ ಜ್ವರದವರೂ ಅಂಗಡಿಯಿಂದ ತಂದು ನುಂಗಿದುದು, ನನ್ನ ದೃಷ್ಟಿಯಲ್ಲಿ, ಆ ಕಾಲದ ಅತ್ಯಂತ ದುಃಖಕರ ಪ್ರಮಾದ.

ಮೂಗಿನೊಳಗಿಂದ ತೆಗೆದ ತುಣುಕನ್ನು ಕ್ಷಾರದ್ರಾವಣದಲ್ಲಿ ನೆನೆಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಅಗಲವಾದ ಪಟ್ಟಿಗಳಂತಹ ಎಳೆಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆದಿರುವುದು ಕಾಣುತ್ತದೆ. ಈ ಎಳೆಗಳು ರಕ್ತನಾಳಗಳನ್ನು ಕೊರೆದು ಹೊಕ್ಕು ಅಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವುದರಿಂದ ಆಚೆಯ ಮಾಂಸ ಸತ್ತು ಕಪ್ಪಾಗುತ್ತದೆ. ಮೂಗಿನಿಂದ ಕಣ್ಣಿನ ಗೂಡಿಗೆ, ಅಲ್ಲಿಂದ ಮಿದುಳಿಗೆ ಹರಡಲು ಕೆಲವೇ ದಿನ ಸಾಕು.

ಮುಖದ ಒಂದೇ ಪಾರ್ಶ್ವದಲ್ಲಿ ನೋವು, ಕಟ್ಟಿದ ಮೂಗು, ಅದರಿಂದ ಕಪ್ಪು ಸ್ರಾವ, ಊದಿದ ರೆಪ್ಪೆ, ಅಲ್ಲಾಡುವ ಹಲ್ಲು, ಒಂದು ವಸ್ತು ಎರಡಾಗಿ ತೋರುವುದು: ಜ್ವರ ಬಿಟ್ಟು ವಾರಗಳು ಕಳೆದಿದ್ದರೂ ಇವುಗಳಲ್ಲಿ ಒಂದು ಕಂಡರೂ ಶೀತವೆಂದು ಕಷಾಯ ಕುಡಿದು ಕಾಯುವಂತಿಲ್ಲ. ಸತ್ತ ಮಾಂಸವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಮೂತ್ರಪಿಂಡಗಳ ಮೇಲೆ ಕಣ್ಣಿಟ್ಟು, ವಾರಗಟ್ಟಲೆ ಬೂಷ್ಟುನಾಶಕವಾದ ಆಂಫೋಟೆರಿಸಿನ್-ಬಿ ಕೊಡಬೇಕಾಗುತ್ತದೆ. 2021ರಲ್ಲಿ ಆ ಔಷಧಕ್ಕೇ ದೇಶವೆಲ್ಲ ಹಾಹಾಕಾರವೆದ್ದಿತು. ಗುಂಡ್ಲುಪೇಟೆಯಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್. ನೋವು ಕಾಣಿಸಿದ ದಿನವೇ ಹೊರಟವನ ಕಣ್ಣು ಉಳಿಯುವ ಸಂಭವ ಹೆಚ್ಚು.