ನಿಮಗಿದು ಗೊತ್ತೇ? ಯುದ್ಧ ಬಂದಾಗ ಮೊನಾಲಿಸಾ ಎಲ್ಲಿಗೆ ಹೋದಳು?

• 1939ರ ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ರಿಪೇರಿಯ ನೆಪ ಹೇಳಿ ಬಾಗಿಲು ಹಾಕಿತು. ಒಳಗೆ ನಡೆದದ್ದು ಗಂಟುಮೂಟೆ ಕಟ್ಟುವ ಕೆಲಸ! ಮೊನಾಲಿಸಾಳ ಪೆಟ್ಟಿಗೆಯ ಮೇಲೆ ಗುರುತಿಗಿದ್ದದ್ದು ಮೂರು ಕೆಂಪು ಚುಕ್ಕಿ. ಯುದ್ಧ ಮುಗಿಯುವಷ್ಟರಲ್ಲಿ ಆಕೆ ಕೋಟೆ, ಮಠ ಎಂದು ಹಲವು ಕಡೆ ವಾಸ್ತವ್ಯ ಬದಲಿಸಿದ್ದಳು.

• ಅದೇ ಲೂವ್ರ್‌ನ ಭಾರೀ ಚಿತ್ರ ‘ಮೆಡ್ಯೂಸಾದ ತೆಪ್ಪ’ ಹೊರಟದ್ದು ನಾಟಕದ ಪರದೆ ಸಾಗಿಸುವ ಗಾಡಿಯಲ್ಲಿ. ವರ್ಸೇಲ್ಸ್‌ನಲ್ಲಿ ಟ್ರಾಮ್ ತಂತಿಗೆ ಸಿಕ್ಕಿಹಾಕಿಕೊಂಡಿತು.

• ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳು ವೇಲ್ಸ್‌ನ ಸ್ಲೇಟುಕಲ್ಲಿನ ಗಣಿ ಸೇರಿದವು. ವ್ಯಾನ್ ಡೈಕ್ ಬರೆದ, ಕುದುರೆಯೇರಿದ ದೊರೆ ಚಾರ್ಲ್ಸ್‌ನ ಚಿತ್ರ ದಾರಿಯ ರೈಲು ಸೇತುವೆಯಡಿ ಹಿಡಿಸುವಂತಿರಲಿಲ್ಲ. ಸೇತುವೆ ಎತ್ತಲಾದೀತೇ? ರಸ್ತೆಯನ್ನೇ ಅಗೆದು ತಗ್ಗಿಸಿದರು.

• 1941ರಲ್ಲಿ ಲೆನಿನ್‌ಗ್ರಾಡಿನ ಹರ್ಮಿಟೇಜ್‌ನಿಂದ 10 ಲಕ್ಷಕ್ಕೂ ಹೆಚ್ಚು ವಸ್ತುಗಳು ಎರಡು ರೈಲುಗಳಲ್ಲಿ ಉರಲ್ ಸೀಮೆಗೆ ಹೋದವು. ಚೌಕಟ್ಟುಗಳು ಮಾತ್ರ ಗೋಡೆಯಲ್ಲೇ ಉಳಿದವು. ಮ್ಯೂಸಿಯಮ್ಮಿಗೆ ಬಂದಿದ್ದ ಸೈನಿಕರಿಗೆ ಮಾರ್ಗದರ್ಶಕರೊಬ್ಬರು ಆ ಖಾಲಿ ಚೌಕಟ್ಟುಗಳ ಮುಂದೆ ನಿಂತೇ ಒಂದೊಂದು ಚಿತ್ರವನ್ನೂ ನೆನಪಿನಿಂದ ಬಣ್ಣಿಸಿದರು.

• ಬಾಯಿ ಮುಚ್ಚಿಕೊಂಡು ಗೆದ್ದವರು ಕಾಬೂಲ್ ಮ್ಯೂಸಿಯಮ್ಮಿನವರು. ಉತ್ತರ ಅಫ್ಘಾನಿಸ್ತಾನದ ಟಿಲ್ಯಾ ತೇಪೆಯಲ್ಲಿ 1978ರಲ್ಲಿ ಅಗೆತ ಶುರುವಾಗಿ, ಸುಮಾರು 2,000 ವರ್ಷ ಹಳೆಯ ಗೋರಿಗಳಿಂದ 20,000ಕ್ಕೂ ಹೆಚ್ಚು ಚಿನ್ನದ ವಸ್ತುಗಳು ಸಿಕ್ಕಿದ್ದವು. ಸೋವಿಯತ್ ಸೇನೆ ಜಾಗ ಖಾಲಿ ಮಾಡುತ್ತಿದ್ದ ಹೊತ್ತಿನಲ್ಲಿ ಅವನ್ನು ಗುಟ್ಟಾಗಿ ಅಧ್ಯಕ್ಷರ ಅರಮನೆ ಆವರಣದ ಬ್ಯಾಂಕ್ ಖಜಾನೆಗೆ ಸೇರಿಸಲಾಯಿತು. 1993ರಲ್ಲಿ ಮ್ಯೂಸಿಯಮ್ಮಿಗೇ ರಾಕೆಟ್ ಬಿತ್ತು. 2001ರಲ್ಲಿ ತಾಲಿಬಾನಿಗಳು ಅಲ್ಲಿನ ವಿಗ್ರಹಗಳನ್ನು ಒಡೆದರು. ಚಿನ್ನ ಕರಗಿಸಿದರಂತೆ, ಮಾಸ್ಕೋಗೆ ಹೋಯಿತಂತೆ ಎಂಬ ಅಂತೆಕಂತೆಗಳು ಹಬ್ಬಿದವು. ಗುಟ್ಟು ಬಲ್ಲ ಸಿಬ್ಬಂದಿ ತುಟಿ ಬಿಚ್ಚಲಿಲ್ಲ; ಸಂಬಳ ನೆಟ್ಟಗೆ ಸಿಗದ ಕಾಲದಲ್ಲೂ! 2004ರಲ್ಲಿ ಪೆಟ್ಟಿಗೆಗಳನ್ನು ತೆರೆದಾಗ ಚಿನ್ನ ಇದ್ದಂತೆಯೇ ಇತ್ತು.

• ಹೊತ್ತೊಯ್ಯಲಾಗದ್ದನ್ನು ಮರೆಮಾಡುವುದೊಂದೇ ದಾರಿ. 1942ರಲ್ಲಿ ಜಪಾನಿ ವಿಮಾನಗಳ ಭಯಕ್ಕೆ ತಾಜ್‌ಮಹಲಿನ ಗುಮ್ಮಟಕ್ಕೆ ಬಿದಿರಿನ ಅಟ್ಟಣಿಗೆ ಕಟ್ಟಿದ್ದರು.

• ಕಟ್ಟಡದ ಮೇಲೆ ನೀಲಿ-ಬಿಳಿ ಗುರಾಣಿಯ ಗುರುತು ಕಂಡರೆ, 1954ರ ಹೇಗ್ ಒಪ್ಪಂದದ ಪ್ರಕಾರ ಅದು ಯುದ್ಧದಲ್ಲಿ ರಕ್ಷಿಸಬೇಕಾದ ಸಾಂಸ್ಕೃತಿಕ ಆಸ್ತಿ. ಇಂಥ ಆಸ್ತಿಯನ್ನು ಹಾಳುಗೆಡವಿದರೆ ಶಿಕ್ಷೆಯೂ ಆದೀತು: ಮಾಲಿ ದೇಶದ ಟಿಂಬಕ್ಟುವಿನಲ್ಲಿ ಸಂತರ ಗೋರಿಗಳನ್ನು ಕೆಡವಿಸಿದ ಒಬ್ಬನಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ ಜೈಲುಶಿಕ್ಷೆ ವಿಧಿಸಿತು: 9 ವರ್ಷ.