ನಗಿಸಲು ಹೊರಟು ಸೊರಗಿದ ಮಚೆಟೆ

ಅಮೆರಿಕದ ನಗರಗಳಲ್ಲಿ, ಅದರಲ್ಲೂ 1970ರ ದಶಕದ ನ್ಯೂಯಾರ್ಕಿನ 42ನೇ ಬೀದಿಯಲ್ಲಿ, ಅಗ್ಗದ ಟಿಕೆಟ್ಟಿಗೆ ರಕ್ತಪಾತ ಮತ್ತು ಅಶ್ಲೀಲತೆಗಳ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸುತ್ತಿದ್ದ ಚಿತ್ರಮಂದಿರಗಳಿಗೆ ಗ್ರೈಂಡ್‌ಹೌಸ್ ಎಂಬ ಹೆಸರಿತ್ತು. ಅಲ್ಲಿ ಓಡುತ್ತಿದ್ದ ಸವೆದ ಪ್ರಿಂಟುಗಳ ಗೀರುಗಳನ್ನೂ ಕಾಣೆಯಾದ ರೀಲುಗಳನ್ನೂ ಬೇಕೆಂದೇ ಮರುಸೃಷ್ಟಿಸಿ, ರಾಬರ್ಟ್ ರೋಡ್ರಿಗಸ್ ಮತ್ತು ಕ್ವೆಂಟಿನ್ ಟರಂಟಿನೊ 2007ರಲ್ಲಿ ಅದೇ ಹೆಸರಿನ ಜೋಡಿಚಿತ್ರವನ್ನು ತೆರೆಗೆ ತಂದರು. ಅದರೊಳಗೆ, ಇಲ್ಲದ ಚಿತ್ರವೊಂದರ ಜಾಹೀರಾತಾಗಿ ಸೇರಿಸಿದ್ದ ತುಣುಕೇ ಮುಂದೆ 2010ರ ‘ಮಚೆಟೆ’ಯಾಗಿ ಬೆಳೆಯಿತು.

ಟೆಕ್ಸಾಸಿನಲ್ಲಿ ದಿನಗೂಲಿಗೆ ನಿಲ್ಲುವ ಮೆಕ್ಸಿಕೋದ ಮಾಜಿ ಪೊಲೀಸ್ ಅಧಿಕಾರಿ ಮಚೆಟೆಯಾಗಿ ಡ್ಯಾನಿ ಟ್ರೆಹೊ ನಟಿಸಿದ ಆ ಚಿತ್ರದಲ್ಲಿ, ನಾಯಕನು ಎದುರಾಳಿಯ ಕರುಳನ್ನೇ ಹಗ್ಗವಾಗಿಸಿಕೊಂಡು ಆಸ್ಪತ್ರೆಯ ಕಿಟಕಿಯಿಂದ ಜಿಗಿಯುವ ದೃಶ್ಯವಿದೆ. ಅಷ್ಟು ಅಸಂಬದ್ಧವಾದ ಸಾಹಸವನ್ನೂ ಟ್ರೆಹೊ ಮುಖದ ಒಂದು ಗೆರೆಯೂ ಸಡಿಲವಾಗದಂತೆ ನಿರ್ವಹಿಸುತ್ತಾರೆ. ನಗುವ ಕೆಲಸ ಪೂರ್ತಿಯಾಗಿ ಪ್ರೇಕ್ಷಕನದು. ದಾಖಲೆಯಿಲ್ಲದ ವಲಸಿಗರೆಂಬ ಅನುಮಾನ ಬಂದವರನ್ನು ಪೊಲೀಸರು ತಪಾಸಣೆ ಮಾಡಬೇಕೆಂಬ ಕಾನೂನಿಗೆ ಅರಿಜೋನ ರಾಜ್ಯವು ಅದೇ ವರ್ಷ ಅಂಕಿತ ಹಾಕಿದ್ದರಿಂದ, ವಲಸಿಗರ ವಿರುದ್ಧ ವಿಷ ಕಾರುವ ಸೆನೆಟರ್ ಆಗಿ ರಾಬರ್ಟ್ ಡಿ ನೀರೊ ಮಾಡಿದ ಪಾತ್ರಕ್ಕೂ ನಿಜವಾದ ಸಿಟ್ಟಿನ ಕಾವು ದಕ್ಕಿತು.

ಚಿತ್ರದ ಎರಡನೆಯ ಭಾಗವಾದ 2013ರ ‘ಮಚೆಟೆ ಕಿಲ್ಸ್’ ಈ ಕಾವನ್ನೇ ಆರಿಸಿತು. ಎದೆಬಡಿತ ನಿಂತರೆ ಕ್ಷಿಪಣಿ ಹಾರುವಂತೆ ತಂತಿ ಜೋಡಿಸಿಕೊಂಡ ಮೆಂಡೆಜ್ ಎಂಬ ಪಾತ್ರ, ಬಾಹ್ಯಾಕಾಶದಲ್ಲಿ ನೆಲೆಯೂರುವ ಹಂಚಿಕೆ ಹಾಕಿದ ಶಸ್ತ್ರೋದ್ಯಮಿಯಾಗಿ ನಟಿಸಿದ ಮೆಲ್ ಗಿಬ್ಸನ್, ಜೊತೆಗೆ ಲೇಡಿ ಗಾಗಾ, ಆಂಟೋನಿಯೊ ಬ್ಯಾಂಡೆರಾಸ್ ಮುಂತಾದ ನಾಲ್ವರು ಹಂಚಿಕೊಂಡ ವೇಷಾಂತರದ ಕೊಲೆಗಾರ ಪಾತ್ರ, ಇವೆಲ್ಲ ‘ಇದು ತಮಾಷೆ, ನಗಿರಿ’ ಎಂದು ಪ್ರೇಕ್ಷಕನಿಗೆ ಮೊದಲೇ ಸನ್ನೆ ಮಾಡುತ್ತವೆ. ಅಮೆರಿಕದ ಅಧ್ಯಕ್ಷನ ಪಾತ್ರ ಮಾಡಿದ ಚಾರ್ಲಿ ಶೀನ್ ಹೆಸರು ತೆರೆಯ ಮೇಲೆ ಕಾರ್ಲೋಸ್ ಎಸ್ಟೆವೆಜ್ ಎಂದು ಬರುತ್ತದೆ. ಅದು ಅವರ ಹುಟ್ಟುಹೆಸರು. ಸ್ಪ್ಯಾನಿಷ್ ಹೆಸರು ಹೊತ್ತವನು ಶ್ವೇತಭವನದಲ್ಲಿ ಕೂತಿದ್ದಾನೆಂಬ, ಮೊದಲ ಚಿತ್ರವಾಗಿದ್ದರೆ ಹರಿತವಾದ ಆಯುಧವಾಗುತ್ತಿದ್ದ ಈ ಸಂಗತಿ ಇಲ್ಲಿ ಬರಿಯ ಚಮತ್ಕಾರವಾಗಿ ಮುಗಿದುಹೋಗುತ್ತದೆ. ಗ್ರೈಂಡ್‌ಹೌಸ್ ಚಿತ್ರಗಳ ಸೊಗಸು ಅವುಗಳ ಪ್ರಾಮಾಣಿಕತೆಯಲ್ಲಿತ್ತು. ಹಣವಿಲ್ಲದೆಯೂ ಅವು ಭಯಂಕರವಾಗಲು ಮನಸಾರೆ ಹೆಣಗುತ್ತಿದ್ದವು. ಟ್ರೆಹೊ ಒಬ್ಬರೇ ಇಲ್ಲೂ ಹಾಗೆ ಹೆಣಗುತ್ತಾರೆ, ಸುತ್ತಲಿನ ಚಿತ್ರ ಅವರ ಜೊತೆಗೆ ನಿಲ್ಲುವುದಿಲ್ಲ.

ಮೊದಲ ಚಿತ್ರ ಜಗತ್ತಿನಾದ್ಯಂತ ಸುಮಾರು 4.4 ಕೋಟಿ ಡಾಲರ್ ಗಳಿಸಿದ್ದರೆ, ಎರಡನೆಯದು 2 ಕೋಟಿಯನ್ನೂ ಮುಟ್ಟಲಿಲ್ಲ. ಅದರ ಆರಂಭದಲ್ಲೇ ತೋರಿಸಿದ್ದ, ಮಚೆಟೆ ಬಾಹ್ಯಾಕಾಶಕ್ಕೆ ಹಾರುವ ಮೂರನೆಯ ಭಾಗದ ಜಾಹೀರಾತು ಜಾಹೀರಾತಾಗಿಯೇ ಉಳಿದಿದೆ.