ಒಂದೇ ಗೋಲಿನ ಕೀರ್ತಿ

ಕಾಲ್ಚೆಂಡಿನ ಆಟದಲ್ಲಿ ಮುಂಪಂಕ್ತಿಯ ಆಟಗಾರನಿಗೆ ಕೆಲಸ ಒಂದೇ: ಗೋಲು ಹೊಡೆಯುವುದು. ವರ್ತಕನನ್ನು ಲಾಭದಿಂದ ಅಳೆಯುವಂತೆ ಅವನನ್ನು ಗೋಲುಗಳ ಲೆಕ್ಕದಿಂದ ಅಳೆಯುತ್ತಾರೆ. ಹೀಗಿರುವಾಗ, ದೇಶದ ಪರವಾಗಿ 65 ಪಂದ್ಯಗಳನ್ನಾಡಿ ಒಂದೇ ಒಂದು ಗೋಲು ಗಳಿಸಿದವನನ್ನು ಏನೆನ್ನಬೇಕು? ಅಂಥವನು ನಗೆಪಾಟಲಿಗೆ ಈಡಾದನೆಂದೇ ವಾಚಕರು ಊಹಿಸಬಹುದು. ಸ್ಲೊವೇನಿಯದ ಮ್ಲಾದೆನ್ ರುದೋನ್ಯಾನ ವಿಷಯದಲ್ಲಿ ಹಾಗಾಗಲಿಲ್ಲ.

ಆಲ್ಪ್ಸ್ ಪರ್ವತಗಳ ಮಗ್ಗುಲಲ್ಲಿರುವ ಸ್ಲೊವೇನಿಯ, ಸುಮಾರು 20 ಲಕ್ಷ ಜನರ ಪುಟ್ಟ ನಾಡು. 1991ರಲ್ಲಿ ಯುಗೋಸ್ಲಾವಿಯದಿಂದ ಬೇರ್ಪಟ್ಟು ಸ್ವತಂತ್ರವಾಯಿತು. ಹಿಮದ ಮೇಲೆ ಜಾರುವ ಆಟಗಳಿಗೆ ಹೆಸರಾದ ಈ ಜನ ಫುಟ್‌ಬಾಲಿನಲ್ಲಿ ಪ್ರಬಲ ರಾಷ್ಟ್ರಗಳ ಎದುರು ನಿಲ್ಲಬಲ್ಲರೆಂದು ಆಗ ಯಾರು ತಾನೆ ನಂಬಿದ್ದರು?

ನಂಬಿಕೆ ಹುಟ್ಟಿಸಿದವರಲ್ಲಿ ಮೊದಲಿಗನು ಜ್ಲಾಟ್ಕೊ ಜಾಹೋವಿಚ್. ರುದೋನ್ಯಾ ಹುಟ್ಟಿದ 1971ರಲ್ಲಿಯೇ ಈತನೂ ಹುಟ್ಟಿದವನು. ಪೋರ್ಟೊ, ವೆಲೆನ್ಸಿಯ, ಬೆನ್ಫಿಕಗಳಂಥ ಹಿರಿಯ ತಂಡಗಳಲ್ಲಿ ಆಡಿದ ಈತ ದೇಶಕ್ಕಾಗಿ 80 ಪಂದ್ಯಗಳಲ್ಲಿ 35 ಗೋಲುಗಳನ್ನು ಗಳಿಸಿದನು. 2000ದ ಯೂರೋಪು ಪಂದ್ಯಾವಳಿಯಲ್ಲಿ ಸ್ಲೊವೇನಿಯ ಗಳಿಸಿದ 4 ಗೋಲುಗಳಲ್ಲಿ 3 ಈತನವೇ.

ಮರುವರ್ಷ ವಿಶ್ವಕಪ್ಪಿನ ಬಾಗಿಲು ತಟ್ಟುವ ಸಮಯ ಬಂದಿತು. ಎದುರಾಳಿ ರುಮೇನಿಯ. 2001ರ ನವೆಂಬರಿನಲ್ಲಿ ಲ್ಯೂಬ್ಲ್ಯಾನದ ಮೊದಲ ಪಂದ್ಯವನ್ನು ಸ್ಲೊವೇನಿಯ 2–1ರಿಂದ ಗೆದ್ದಿತು. ನಾಲ್ಕು ದಿನಗಳ ಬಳಿಕ ಬುಕಾರೆಸ್ಟಿನಲ್ಲಿ ಎರಡನೆಯ ಪಂದ್ಯ. ವಿರಾಮದ ತರುವಾಯ ರುದೋನ್ಯಾನ ಕಾಲಿನಿಂದ ಚೆಂಡು ಬಲೆಯೊಳಗೆ ಬಿದ್ದಿತು! ಸ್ವಲ್ಪ ಹೊತ್ತಿನಲ್ಲಿ ರುಮೇನಿಯವೂ ಒಂದು ಗೋಲು ಗಳಿಸಿತು. ಪಂದ್ಯ 1–1ರಲ್ಲಿ ಸಮನಾಗಿ ಮುಗಿಯಿತು.

ಈ ಗೋಲಿನ ಬೆಲೆಯನ್ನು ತಿಳಿಯಲು ಸಣ್ಣದೊಂದು ಲೆಕ್ಕ ಸಾಕು. ಅದು ಬೀಳದೆ ಹೋಗಿದ್ದರೆ ಎರಡು ಪಂದ್ಯಗಳ ಮೊತ್ತ 2–2 ಆಗುತ್ತಿತ್ತು. ಮೊತ್ತ ಸಮನಾದಾಗ ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬುದು ಅಂದಿನ ನಿಯಮ. ಲ್ಯೂಬ್ಲ್ಯಾನದಲ್ಲಿ ಒಂದು ಗೋಲು ಹೊಡೆದಿದ್ದ ರುಮೇನಿಯವೇ ವಿಶ್ವಕಪ್ಪಿಗೆ ಹೋಗುತ್ತಿತ್ತು. ದೇಶಕ್ಕಾಗಿ ರುದೋನ್ಯಾ ಗಳಿಸಿದ ಏಕಮಾತ್ರ ಗೋಲು ಅದು. ಹೊಸ ರಾಷ್ಟ್ರವೊಂದು ಮೊತ್ತಮೊದಲ ಸಲ ವಿಶ್ವಕಪ್ಪಿನ ಅಂಗಳಕ್ಕೆ ಕಾಲಿಟ್ಟಿತು.

ಮುಂದಿನ ಕಥೆ ಸಿಹಿಯಾದುದಲ್ಲ. 2002ರಲ್ಲಿ ಕೊರಿಯದಲ್ಲಿ ಆಡಿದ ಮೂರು ಪಂದ್ಯಗಳಲ್ಲಿಯೂ ಸೋಲು. ಸ್ಪೇನಿನೊಡನೆ ಸೋತ ಬಳಿಕ ಜಾಹೋವಿಚನಿಗೂ ತರಬೇತುದಾರ ಸ್ರೆಚ್ಕೊ ಕಟಾನೆಟ್ಸನಿಗೂ ಜಗಳವಾಗಿ, 35 ಗೋಲುಗಳ ಆ ವೀರನನ್ನು ನಡುವೆಯೇ ಊರಿಗೆ ಕಳುಹಿಸಲಾಯಿತು. ಕಟಾನೆಟ್ಸನೂ ತನ್ನ ಪದವಿಯನ್ನು ತೊರೆದನು. ಆದರೂ ಜಾಹೋವಿಚನ ಬಾಳು ಅಲ್ಲಿಗೇ ನಿಲ್ಲಲಿಲ್ಲ. 2007ರಿಂದ 2020ರವರೆಗೆ ಮಾರಿಬೋರ್ ಕ್ಲಬ್ಬಿನ ಕ್ರೀಡಾ ನಿರ್ದೇಶಕನಾಗಿ, ಆ ತಂಡ 8 ಸಲ ರಾಷ್ಟ್ರದ ಲೀಗನ್ನು ಗೆಲ್ಲುವುದನ್ನು ಕಂಡನು.

ಇಬ್ಬರಲ್ಲಿ ದೊಡ್ಡ ಆಟಗಾರನು ಯಾರೆಂದು ಕೇಳಿದರೆ ಜಾಹೋವಿಚನೆಂದು ಹೇಳಲು ಯಾರೂ ತಡೆಯಲಾರರು. ಅಂಕಿಗಳು ಸುಳ್ಳಾಡುವುದಿಲ್ಲ. ಆದರೆ ಅಂಕಿಗಳು ಎಲ್ಲವನ್ನೂ ಹೇಳುವುದಿಲ್ಲವೆಂಬುದೂ ಅಷ್ಟೇ ನಿಜ. 64 ಪಂದ್ಯಗಳಲ್ಲಿ ಬರಿಗೈಯಲ್ಲಿ ಮರಳಿದವನು, ದೇಶಕ್ಕೆ ತೀರ ಬೇಕಾಗಿದ್ದ ಒಂದು ಸಂಜೆ ಬರಿಗೈಯಲ್ಲಿ ಬರಲಿಲ್ಲ. ಆತನ ಹೆಸರು ಉಳಿಯಲು ಅಷ್ಟು ಸಾಕಾಯಿತು.